ಅದೇ ಗಂಡ, ಎರಡನೇ ಮದುವೆ

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಗಂಡನ ಕುಡಿತ, ದಿನಬೆಳಗಾದರೆ ಜಗಳ ತಾಳಲಾಗದೆ ಎರಡು ವರ್ಷದ ಹಿಂದೆ ಡೈವೋರ್ಸ್ ಪಡೆದೆ. ಈಗ ಅವರೇ ಬಂದು ಮತ್ತೆ ಮದುವೆಯಾಗೋಣ ಅನ್ನುತ್ತಿದ್ದಾರೆ. ಹಾಲಿವುಡ್‌ನ ಎಲಿಜಬೆತ್ ಟೇಲರ್, ರಿಚರ್ಡ್ ಬರ್ಟನ್ ಕೂಡ ಹೀಗೇ ಬೇರೆಯಾಗಿ ಮತ್ತೆ ಮದುವೆಯಾದರಂತೆ, ಅದರ ವಿಡಿಯೊ ಕಳಿಸಿದ್ದಾರೆ. ನನಗೂ ಅವರನ್ನು ಮರೆಯಲಾಗಿಲ್ಲ. ಅಮ್ಮ ಮಾತ್ರ ಬೇಡವೇ ಬೇಡ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಆ ವಿಡಿಯೊ ಬಹುಶಃ 1975ರ ಅಕ್ಟೋಬರ್‌ಗೆ ನಿಂತಿರಬೇಕು. ಬೋಟ್ಸ್‌ವಾನಾದಲ್ಲಿ ಅವರ ಎರಡನೇ ಮದುವೆ ನಡೆದದ್ದು ಆಗ. ಮರುವರ್ಷವೇ ಅದೂ ಮುರಿಯಿತು.

ಮೊದಲನೆಯದು ಹತ್ತು ವರ್ಷ ನಡೆದಿತ್ತು. 1962ರಲ್ಲಿ ರೋಮ್‌ನಲ್ಲಿ 'ಕ್ಲಿಯೋಪಾತ್ರ' ಶೂಟಿಂಗ್ ವೇಳೆ ಪ್ರೇಮ ಶುರುವಾದಾಗ ಇಬ್ಬರಿಗೂ ಮದುವೆಯಾಗಿತ್ತು. ವ್ಯಾಟಿಕನ್‌ನ ಪತ್ರಿಕೆಯಲ್ಲೂ ಛೀಮಾರಿ ಬಂತು. 1964ರಲ್ಲಿ ಮಾಂಟ್ರಿಯಲ್‌ನಲ್ಲಿ ಮದುವೆ, 1974ರಲ್ಲಿ ಡೈವೋರ್ಸ್. ನಡುವೆ ಸುಮಾರು 69 ಕ್ಯಾರೆಟ್‌ನ ವಜ್ರ, ಹಡಗು, ಪ್ರೇಮಪತ್ರ, ಎಲ್ಲವೂ ಇತ್ತು. ಕುಡಿತವೂ ಇತ್ತು, ಇಬ್ಬರಿಗೂ. ಕುಡಿದು ಒಬ್ಬರನ್ನೊಬ್ಬರು ಹರಿದು ತಿನ್ನುವ ದಂಪತಿಯಾಗಿ 1966ರ ಸಿನಿಮಾವೊಂದರಲ್ಲಿ ನಟಿಸಿದರು, ಆಕೆಗೆ ಆಸ್ಕರ್ ಬಂತು. ಟಿಕೆಟ್ ಕೊಂಡು ನೋಡುವವರಿಗೆ ಅದು ಚಂದವೇ.

ಅವರಿಬ್ಬರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಡೈವೋರ್ಸ್‌ಗೂ ಮರುಮದುವೆಗೂ ನಡುವಿನ ಹದಿನಾರು ತಿಂಗಳಲ್ಲಿ ಬಾಟಲಿ ಶಾಶ್ವತವಾಗಿ ದೂರವಾಗಲಿಲ್ಲ. ಆಕೆ ಬೆಟ್ಟಿ ಫೋರ್ಡ್ ಕೇಂದ್ರಕ್ಕೆ ಚಿಕಿತ್ಸೆಗೆ ಸೇರಿದ್ದು 1983ರ ಕೊನೆಗೆ. ಮರುವರ್ಷ ಬರ್ಟನ್ ತೀರಿಕೊಂಡ, 58ಕ್ಕೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವರು ಈಗ ಕುಡಿಯುತ್ತಾರೋ ಬಿಟ್ಟಿದ್ದಾರೋ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ನಿಮಗೆ ಗೊತ್ತಿಲ್ಲವೋ, ಕೇಳಲು ಹೆದರಿಕೆಯೋ? ಮೊದಲು ಕೇಳಿ. 'ನಿನಗೋಸ್ಕರ ಬಿಡ್ತೀನಿ' ಅಂದರೆ ಅದು ಉತ್ತರವಲ್ಲ. ಯಾವ ಡಾಕ್ಟರು, ಯಾವಾಗಿನಿಂದ ಅಂತ ಹೇಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಅವರು ಒಪ್ಪಿದರೆ ಮನೆಯವರಾಗಿ ನೀವೂ ಒಮ್ಮೆ ಜೊತೆಗೆ ಹೋಗಿ. ಒಂದು ವರ್ಷ ಮುಹೂರ್ತದ ಮಾತೇ ಬೇಡ. ಕೆಲಸವಿದ್ದರೆ ಬಿಡಬೇಡಿ.

ಇನ್ನೊಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಒಂದು ಸಲವಾದರೂ ಕೈ ಮಾಡಿದ್ದುಂಟೆ? ಇದ್ದರೆ ಮೇಲೆ ಹೇಳಿದ್ದನ್ನೆಲ್ಲ ಬಿಟ್ಟು ಅಮ್ಮನ ಮಾತು ಕೇಳಿ.