ಲ್ಯಾಪ್‌ಟಾಪ್ ಗಣಕಯಂತ್ರದ ಸಾಮರ್ಥ್ಯವರ್ಧನೆ: ಗ್ರಾಹಕರು ತಿಳಿದಿರಬೇಕಾದ ವಿಷಯಗಳು

ಮುಂಬಯಿಯ ಗ್ರ್ಯಾಂಟ್ ರೋಡ್ ರೈಲು ನಿಲ್ದಾಣದ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರಸ್ತೆಯು ಗಣಕಯಂತ್ರದ ಬಿಡಿಭಾಗಗಳ ಮಾರಾಟಕ್ಕೆ ದೇಶದಲ್ಲಿಯೇ ಹೆಸರಾದ ಮಾರುಕಟ್ಟೆಗಳಲ್ಲಿ ಒಂದಾಗಿದೆ. ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂಬುದು ಇದರ ಅಧಿಕೃತ ಹೆಸರಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಡೊಂಬಿವಲಿ, ಠಾಣೆ, ಬೊರಿವಲಿ ಮೊದಲಾದ ಉಪನಗರಗಳಿಂದಲೂ ಗ್ರಾಹಕರು ನಿಧಾನಗೊಂಡ ಲ್ಯಾಪ್‌ಟಾಪ್‌ಗಳೊಡನೆ ಇಲ್ಲಿಗೆ ಬರುತ್ತಾರೆ. ಪ್ರೊಸೆಸರನ್ನೂ ಸ್ಮರಣಕೋಶವನ್ನೂ ಬದಲಾಯಿಸಿದರೆ ಹಳೆಯ ಯಂತ್ರವು ಹೊಸದರಂತೆ ಕೆಲಸ ಮಾಡೀತೇ ಎಂಬುದು ಅವರಲ್ಲಿ ಅನೇಕರ ಪ್ರಶ್ನೆಯಾಗಿರುತ್ತದೆ.

ಈ ಪ್ರಶ್ನೆ ಸಣ್ಣದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅನೇಕ ಕುಟುಂಬಗಳು ಉಳಿತಾಯದ ಹಣದಿಂದ ಲ್ಯಾಪ್‌ಟಾಪ್ ಕೊಂಡವು. ಆ ಯಂತ್ರಗಳಿಗೆ ಈಗ ವಯಸ್ಸಾಗಿದೆ. ತಿಳಿಯದೆ ಮಾಡಿದ ದುರಸ್ತಿಯಿಂದ ಹಣ ವ್ಯರ್ಥವಾಗುವುದು ಒಂದು ನಷ್ಟವಾದರೆ, ಸಣ್ಣ ಖರ್ಚಿನಲ್ಲಿ ಸುಧಾರಿಸಬಹುದಾದ ಯಂತ್ರವನ್ನು ಎಸೆಯುವುದು ಇನ್ನೊಂದು ನಷ್ಟ. ಇವೆರಡನ್ನೂ ತಪ್ಪಿಸಲು ಯಂತ್ರದ ರಚನೆಯ ಕುರಿತು ಸ್ವಲ್ಪ ತಿಳಿವಳಿಕೆ ಇದ್ದರೆ ಸಾಕು.

ಎರಡು ಭಾಗಗಳು, ಎರಡು ಕಾರ್ಯಗಳು

ಲೆಕ್ಕ ಮಾಡುವುದು ಹಾಗೂ ಆದೇಶಗಳನ್ನು ನೆರವೇರಿಸುವುದು ಪ್ರೊಸೆಸರಿನ ಕೆಲಸ. ಆ ಕ್ಷಣದಲ್ಲಿ ಬೇಕಾದ ಮಾಹಿತಿಯನ್ನು ಕೈಗೆಟಕುವಂತೆ ಇರಿಸಿಕೊಳ್ಳುವುದು ರ್‍ಯಾಮ್ ಎಂದು ಕರೆಯಲಾಗುವ ಸ್ಮರಣಕೋಶದ ಕೆಲಸ. ಪ್ರೊಸೆಸರನ್ನು ಗುಮಾಸ್ತನಿಗೂ, ಸ್ಮರಣಕೋಶವನ್ನು ಆತನ ಮೇಜಿಗೂ, ಡಿಸ್ಕನ್ನು ಕಡತಗಳ ಕಪಾಟಿಗೂ ಹೋಲಿಸಬಹುದು. ಮೇಜು ಚಿಕ್ಕದಾದರೆ ಗುಮಾಸ್ತನು ಎಷ್ಟೇ ಚುರುಕಾಗಿದ್ದರೂ ಪದೇ ಪದೇ ಕಪಾಟಿನ ಬಳಿ ಹೋಗಬೇಕಾಗುತ್ತದೆ. ಯಂತ್ರ ನಿಧಾನವಾಗಲು ಅನೇಕ ಸಂದರ್ಭಗಳಲ್ಲಿ ಕಾರಣ ಇದೇ ಆಗಿರುತ್ತದೆ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಭಾರತೀಯ ತಜ್ಞರೇ ನಿರ್ಮಿಸಿ 1960ರಲ್ಲಿ ಕಾರ್ಯಾರಂಭ ಮಾಡಿದ ‘ಟಿಫ್ರ್ಯಾಕ್’ ಗಣಕಯಂತ್ರದ ಸ್ಮರಣಕೋಶದಲ್ಲಿ ತಲಾ 40 ಬಿಟ್‌ಗಳ 2,048 ಪದಗಳಿಗೆ ಸ್ಥಳವಿತ್ತು. ಇದು ಇಂದಿನ ಲೆಕ್ಕದಲ್ಲಿ 10 ಕಿಲೋಬೈಟ್‌ಗಳಷ್ಟಾಗುತ್ತದೆ. 8 ಗಿಗಾಬೈಟ್ ಸ್ಮರಣಕೋಶವುಳ್ಳ ಲ್ಯಾಪ್‌ಟಾಪಿನಲ್ಲಿ ಅದರ 8 ಲಕ್ಷ ಪಟ್ಟಿಗೂ ಹೆಚ್ಚು ಸ್ಥಳವಿದೆ. ಆದರೂ ಅದು ಸಾಲದಾಗುವುದುಂಟು. ಏಕೆಂದರೆ ತಂತ್ರಾಂಶಗಳ ಬೇಡಿಕೆಯೂ ಅದೇ ಪ್ರಮಾಣದಲ್ಲಿ ಬೆಳೆದಿದೆ.

ಪ್ರೊಸೆಸರ್ ಬದಲಾವಣೆ ಸಾಧ್ಯವೇ?

ಬಹುಪಾಲು ಲ್ಯಾಪ್‌ಟಾಪ್‌ಗಳ ಮಟ್ಟಿಗೆ, ಸಾಧ್ಯವಿಲ್ಲ ಎಂಬುದೇ ಇದಕ್ಕೆ ಉತ್ತರ. ಮೇಜಿನ ಮೇಲಿಡುವ ದೊಡ್ಡ ಗಣಕಯಂತ್ರಗಳಲ್ಲಿ ಪ್ರೊಸೆಸರನ್ನು ಸಾಮಾನ್ಯವಾಗಿ ಸಾಕೆಟ್‌ನಲ್ಲಿ ಕೂರಿಸಲಾಗಿರುತ್ತದೆ. ಹಿಂದೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿಯೂ ಇದೇ ವ್ಯವಸ್ಥೆಯಿತ್ತು. ಇಂಟೆಲ್ ಸಂಸ್ಥೆಯು 2013ರಲ್ಲಿ ಹೊರತಂದ 4ನೇ ಪೀಳಿಗೆಯ ಬಳಿಕ, ಲ್ಯಾಪ್‌ಟಾಪ್‌ಗೆಂದೇ ತಯಾರಾಗುವ ಅದರ ಪ್ರೊಸೆಸರುಗಳನ್ನು ನೇರವಾಗಿ ಮೂಲಫಲಕಕ್ಕೆ, ಅಂದರೆ ಮದರ್‌ಬೋರ್ಡಿಗೆ, ಬೆಸೆಯುವ ಪದ್ಧತಿ ಬಂದಿದೆ. ಆ 4ನೇ ಪೀಳಿಗೆಯಲ್ಲಿಯೂ ಸಂಖ್ಯೆಯ ಕೊನೆಯಲ್ಲಿ ‘ಎಂ’ ಅಕ್ಷರವುಳ್ಳವು ಸಾಕೆಟ್‌ನಲ್ಲಿ ಕೂರುವಂಥವು. ‘ಯು’ ಅಕ್ಷರವುಳ್ಳವು ಬೆಸೆದವು.

ಸಾಕೆಟ್ ಇದ್ದ ಮಾತ್ರಕ್ಕೆ ಯಾವ ಪ್ರೊಸೆಸರನ್ನಾದರೂ ಅಳವಡಿಸಲು ಬರುವುದಿಲ್ಲ. ಅದು ಅದೇ ಸಾಕೆಟ್‌ಗೆ ಸೇರಿದ್ದಾಗಿರಬೇಕು. ಮೂಲಫಲಕದಲ್ಲಿರುವ ಬಯಾಸ್ ತಂತ್ರಾಂಶವು ಅದನ್ನು ಗುರುತಿಸಬೇಕು. ಅದು ಹೊರಸೂಸುವ ಶಾಖವನ್ನು ತಂಪುಕಾರಕ ಪಂಖವು ಹೊರಹಾಕುವಂತಿರಬೇಕು. 35 ವ್ಯಾಟ್‌ಗೆ ರೂಪಿಸಿದ ವ್ಯವಸ್ಥೆಯಲ್ಲಿ 45 ವ್ಯಾಟ್‌ನ ಪ್ರೊಸೆಸರನ್ನು ಕೂರಿಸಿದರೆ, ಅದು ಬಿಸಿಯೇರಿದಂತೆಲ್ಲ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹಣ ವೆಚ್ಚವಾಗುತ್ತದೆಯೇ ಹೊರತು ವೇಗ ನಿರೀಕ್ಷೆಯಂತೆ ಹೆಚ್ಚುವುದಿಲ್ಲ. ಬೆಸೆದ ಪ್ರೊಸೆಸರನ್ನು ಬಿಡಿಸಿ ಬೇರೆಯದನ್ನು ಬೆಸೆಯುವ ಕೆಲಸಕ್ಕೆ ವಿಶೇಷ ಉಪಕರಣಗಳು ಬೇಕು, ಮೂಲಫಲಕವೇ ಹಾಳಾಗುವ ಭಯವೂ ಇದೆ. ಸಾಮಾನ್ಯ ಬಳಕೆದಾರರು ಇದಕ್ಕೆ ಮುಂದಾಗದಿರುವುದು ಲೇಸು.

ಸ್ಮರಣಕೋಶದ ವಿಸ್ತರಣೆ

ಇಲ್ಲಿ ಅವಕಾಶ ಹೆಚ್ಚು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಸೋ-ಡಿಮ್ ಎಂಬ ಕಿರುಫಲಕವನ್ನು ಕೂರಿಸಲು ಒಂದು ಅಥವಾ ಎರಡು ಸ್ಥಾನಗಳಿರುತ್ತವೆ. ಒಂದು ಪೀಳಿಗೆಯ ಫಲಕವು ಮತ್ತೊಂದು ಪೀಳಿಗೆಯ ಸ್ಥಾನದಲ್ಲಿ ಕೂರುವುದಿಲ್ಲ. ಡಿಡಿಆರ್-3 ಫಲಕಕ್ಕೆ 204, ಡಿಡಿಆರ್-4 ಫಲಕಕ್ಕೆ 260, ಡಿಡಿಆರ್-5 ಫಲಕಕ್ಕೆ 262 ಸಂಪರ್ಕಬಿಂದುಗಳಿರುತ್ತವೆ; ಕಚ್ಚಿನ ಸ್ಥಳವೂ ಬೇರೆ. ಡಿಡಿಆರ್-3ರಲ್ಲಿಯೇ 1.5 ವೋಲ್ಟ್‌ನ ಹಾಗೂ 1.35 ವೋಲ್ಟ್‌ನ ಎರಡು ಬಗೆಗಳಿರುವುದರಿಂದ ಅದನ್ನು ಕೊಳ್ಳುವಾಗ ವಿಶೇಷ ಎಚ್ಚರಿಕೆ ಅಗತ್ಯ.

ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಮರಣಕೋಶವನ್ನೂ ಮೂಲಫಲಕಕ್ಕೇ ಬೆಸೆಯಲಾಗಿರುತ್ತದೆ. ಆ್ಯಪಲ್ ಸಂಸ್ಥೆಯು 2020ರಿಂದ ಸ್ವಂತ ಪ್ರೊಸೆಸರಿನೊಡನೆ ಹೊರತಂದಿರುವ ಲ್ಯಾಪ್‌ಟಾಪ್‌ಗಳಲ್ಲಿ ಅದು ಪ್ರೊಸೆಸರಿನ ಕವಚದೊಳಗೇ ಅಡಕವಾಗಿದೆ. ಇಂಥ ಯಂತ್ರಗಳನ್ನು ಕೊಳ್ಳುವ ದಿನವೇ ಮುಂದಿನ ವರ್ಷಗಳ ಅಗತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಈ ಕೆಳಗಿನ ಸಂಗತಿಗಳನ್ನು ಪರಿಶೀಲಿಸಬಹುದು:

1. ವಿಂಡೋಸ್ 10 ಅಥವಾ 11 ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಸ್ಮರಣಕೋಶದ ಗಾತ್ರ, ವೇಗ ಮತ್ತು ಬಳಕೆಯಲ್ಲಿರುವ ಸ್ಥಾನಗಳ ಸಂಖ್ಯೆ ಕಾಣುತ್ತವೆ.

2. ದಿನನಿತ್ಯದ ಕೆಲಸ ನಡೆಯುತ್ತಿರುವಾಗಲೇ ಇದನ್ನು ನೋಡಬೇಕು. ಸ್ಮರಣಕೋಶವು ಪೂರ್ತಿ ತುಂಬುವ ಹಂತದಲ್ಲಿದ್ದರೆ ವಿಸ್ತರಣೆಯಿಂದ ಲಾಭವಿದೆ. ಅರ್ಧದಷ್ಟು ಖಾಲಿಯಿದ್ದು ಡಿಸ್ಕ್ ಮಾತ್ರ ನಿರಂತರವಾಗಿ 100 ಶೇಕಡಾ ತೋರಿಸುತ್ತಿದ್ದರೆ, ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಅಳವಡಿಸುವುದೇ ಹೆಚ್ಚು ಫಲಕಾರಿ.

3. ತಯಾರಕರ ಕೈಪಿಡಿಯಲ್ಲಿ ಗರಿಷ್ಠ ಮಿತಿಯನ್ನು ನೋಡಿಕೊಳ್ಳಬೇಕು. 32 ಬಿಟ್‌ನ ವಿಂಡೋಸ್ 10 ಇರುವ ಯಂತ್ರದಲ್ಲಿ 4 ಗಿಗಾಬೈಟ್‌ಗಿಂತ ಹೆಚ್ಚಿನ ಸ್ಮರಣಕೋಶ ಹಾಕಿದರೂ ಅದು ಬಳಕೆಗೆ ಬರುವುದಿಲ್ಲ.

4. ಎರಡು ಸ್ಥಾನಗಳಿದ್ದರೆ ಒಂದೇ ಗಾತ್ರದ, ಒಂದೇ ವೇಗದ ಜೋಡಿ ಫಲಕಗಳು ಉತ್ತಮ. ವೇಗಗಳು ಬೇರೆಯಾಗಿದ್ದಲ್ಲಿ ಎರಡೂ ಕಡಿಮೆ ವೇಗದಲ್ಲಿಯೇ ಕೆಲಸ ಮಾಡುತ್ತವೆ.

ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಮುಗಿದಿದೆ ಎಂಬುದನ್ನೂ ಗಮನಿಸಬೇಕು. ವಿಂಡೋಸ್ 11ಕ್ಕೆ ಸ್ಮರಣಕೋಶ ಮಾತ್ರವಲ್ಲ, ನಿಗದಿತ ಪ್ರೊಸೆಸರ್ ಹಾಗೂ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಇವಿಲ್ಲದ ಯಂತ್ರಕ್ಕೆ ಎಷ್ಟೇ ಸ್ಮರಣಕೋಶ ಸೇರಿಸಿದರೂ ಈ ಕೊರತೆ ನೀಗುವುದಿಲ್ಲ. ಅಂಥ ಯಂತ್ರವನ್ನು ಲಿನಕ್ಸ್‌ನಂತಹ ಮುಕ್ತ ತಂತ್ರಾಂಶದೊಡನೆ ಬಳಸಲು ಅವಕಾಶವಿದೆ.

ಅಳವಡಿಸುವಾಗ ಎಚ್ಚರಿಕೆ

ಮೊದಲು ಮುಖ್ಯ ಕಡತಗಳ ಪ್ರತಿ ತೆಗೆದಿರಿಸಬೇಕು. ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ವಿದ್ಯುತ್ ಸಂಪರ್ಕ ತೆಗೆದು, ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಬೇಕು. ದೇಹದ ಸ್ಥಿರವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದಾದ್ದರಿಂದ ಫಲಕವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕಚ್ಚು ಹೊಂದುವಂತೆ ಓರೆಯಾಗಿ ತೂರಿಸಿ, ಎರಡೂ ಬದಿಯ ಕೊಂಡಿಗಳು ಹಿಡಿಯುವವರೆಗೆ ಮೆಲ್ಲನೆ ಒತ್ತಬೇಕು. ಮುಂಬಯಿಯಂತಹ ಕಡಲತೀರದ ನಗರದಲ್ಲಿ ತೇವ ಹಾಗೂ ಉಪ್ಪಿನಂಶವುಳ್ಳ ಗಾಳಿಯಿಂದ ಲೋಹದ ಸಂಪರ್ಕಗಳು ಮಸುಕಾಗುವುದುಂಟು. ಕೆಲವೊಮ್ಮೆ ಹಳೆಯ ಫಲಕವನ್ನು ತೆಗೆದು, ಸಂಪರ್ಕಗಳನ್ನು ಶುಚಿಗೊಳಿಸಿ ಮರಳಿ ಕೂರಿಸಿದರೆ ಅಷ್ಟರಿಂದಲೇ ದೋಷ ನಿವಾರಣೆಯಾಗುತ್ತದೆ.

ಗ್ರಾಹಕರ ಹಕ್ಕು ಮತ್ತು ಹೊಣೆ

ಬಿಡಿಭಾಗ ಕೊಳ್ಳುವಾಗ ಅದರ ಕ್ರಮಸಂಖ್ಯೆ ಹಾಗೂ ಖಾತರಿಯ ಅವಧಿಯನ್ನು ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ಯಂತ್ರವನ್ನು ದುರಸ್ತಿಗೆ ಬಿಡುವುದಾದರೆ ಅದರಲ್ಲಿರುವ ಭಾಗಗಳ ವಿವರವನ್ನು ಮೊದಲೇ ಬರೆಸಿಕೊಳ್ಳುವುದು ಕ್ಷೇಮಕರ. 20 ಜುಲೈ 2020ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದೋಷಯುಕ್ತ ವಸ್ತು ಹಾಗೂ ನ್ಯೂನ ಸೇವೆಯ ವಿರುದ್ಧ ಪರಿಹಾರ ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೂ ದೂರು ಹೇಳಿಕೊಳ್ಳಬಹುದು. ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಮಾಹಿತಿ ಜಾಲತಾಣವನ್ನೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ಆರಂಭಿಸಿದೆ.

ತೆಗೆದ ಹಳೆಯ ಭಾಗಗಳನ್ನು ಮನೆಯ ಕಸದೊಡನೆ ಬೆರೆಸಬಾರದು. 1 ಏಪ್ರಿಲ್ 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯದಂತೆ ಅವುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಸಂಗ್ರಹಣಾ ಕೇಂದ್ರಗಳಿಗೆ ಒಪ್ಪಿಸಬೇಕು. ಸುಸ್ಥಿತಿಯಲ್ಲಿರುವ ಫಲಕವಾದರೆ, ಅದು ಹೊಂದುವ ಯಂತ್ರವಿರುವ ಮತ್ತೊಬ್ಬ ವಿದ್ಯಾರ್ಥಿಗೆ ಉಪಯೋಗವಾದೀತು.

ಒಟ್ಟಿನಲ್ಲಿ, ಪ್ರೊಸೆಸರನ್ನು ಕೊಳ್ಳುವ ದಿನವೇ ಆರಿಸಿಕೊಳ್ಳಬೇಕು; ಸ್ಮರಣಕೋಶವನ್ನು ಸ್ಥಾನವಿದ್ದರೆ ಮುಂದೆಯೂ ಹೆಚ್ಚಿಸಬಹುದು. ಯಂತ್ರ ಏಕೆ ನಿಧಾನವಾಗಿದೆ ಎಂಬುದನ್ನು ಮನೆಯಲ್ಲಿಯೇ ತಿಳಿದುಕೊಂಡು ಮಾರುಕಟ್ಟೆಗೆ ಹೋಗುವ ಗ್ರಾಹಕನು ಮೋಸಹೋಗುವ ಸಂಭವ ಕಡಿಮೆ. ಆತನ ಹಳೆಯ ಯಂತ್ರವೂ ಇನ್ನು ಕೆಲವು ವರ್ಷ ಮನೆಗೆ ನೆರವಾದೀತು.