ಚೊಂಬು ಹಿಡಿದು ಬಂದವರ ಲೆಕ್ಕ

ದುಡ್ಡು ಉಳಿಸುವುದು ಹೇಗೆಂದು ಊರಿಗೆಲ್ಲ ಬುದ್ಧಿ ಹೇಳುತ್ತ ಬರೆಯುವವನು ನಾನು. ಆ ತಪ್ಪಿಗೇ ಇರಬೇಕು, 2023ರಲ್ಲಿ ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ರಾಮನವಮಿ ಸಮಿತಿಯವರು ನನ್ನನ್ನು ಹಿಡಿದು ಖಜಾಂಚಿ ಮಾಡಿದರು. "ಲೆಕ್ಕ ಗೊತ್ತಿರೋರು ನೀವೊಬ್ಬರೇ ಸಾರ್" ಎಂದರು. ನಾನೂ ಉಬ್ಬಿದೆ.

ಮಾರ್ಚ್ 30ಕ್ಕೆ ಹಬ್ಬ ಮುಗಿಯಿತು. ಮಾರನೆಯ ಬೆಳಿಗ್ಗೆ ಶಾಮಿಯಾನದವನು ಬಾಗಿಲಿಗೆ ಬಂದು ನಿಂತ. ಒಟ್ಟು ಖರ್ಚು 58,000 ರೂಪಾಯಿ, ಬಂದ ಚಂದಾ 43,000. ಮಿಕ್ಕ 15,000ವನ್ನು ಮಗಳ ಶಾಲೆ ಫೀಸಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ತೆಗೆದು ಕೊಟ್ಟೆ. ಹೆಂಡತಿಗೆ ಹೇಳಲಿಲ್ಲ. ಫೀಸು ಕಟ್ಟುವ ದಿನ ಹೇಳಲೇಬೇಕಾಯಿತು. ಅವಳು ಕೂಗಾಡಲಿಲ್ಲ. "ನಮ್ಮನೆ ಚಂದಾ ಅಂತ ಒಂದು ರಸೀದಿ ಬರ್ಕೊಳ್ಳಿ. ಮಗಳು ದೊಡ್ಡವಳಾದ ಮೇಲೆ ತೋರಿಸೋಣ" ಎಂದಳು. ಕೂಗಾಡಿದ್ದರೇ ವಾಸಿಯಿತ್ತು.

ನಮ್ಮ ಕಡೆ ರಾಮನವಮಿಯೆಂದರೆ ಬೀದಿಯ ಹಬ್ಬ. ಹತ್ತಿರದ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ಸಂಗೀತೋತ್ಸವ ನಡೆಯುತ್ತದೆ. 1939ರಲ್ಲಿ ಶುರುವಾದದ್ದು, ದೇಶದ ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡಿದ ಚಪ್ಪರ. ಅದರ ಮುಂದೆ ನಮ್ಮದು ಅಳಿಲು ಸೇವೆ: ಒಂದು ಪಟ, ಸಂಜೆ ಭಜನೆ, ಸಾವಿರ ಜನಕ್ಕೆ ಪಾನಕ, ಮಜ್ಜಿಗೆ, ಕೋಸಂಬರಿ. ಅಳಿಲಿಗೆ ಸಾಲ ಆಗಿದ್ದು ಹೇಗೆ ಎಂದು ಆಮೇಲೆ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ.

ಶಾಮಿಯಾನ, ಕುರ್ಚಿ, ಮೈಕು 24,000. ಹೂವು, ದೀಪದ ಸರ 13,000. ಭಜನೆಯವರ ಸಂಭಾವನೆ 8,000. ಲೋಟ, ಸಾಗಾಟ, ಕಸ ಎತ್ತಿಸಿದ್ದು 4,000. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಆ ಪಾನಕ, ಮಜ್ಜಿಗೆ, ಕೋಸಂಬರಿಗೆ? ಬರೀ 9,000. ತಲೆಗೆ ಒಂಬತ್ತು ರೂಪಾಯಿ! ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಭಜನೆ ಇದ್ದದ್ದು ಒಂದೇ ಸಂಜೆ, ಅದೂ ಒಂಬತ್ತಕ್ಕೇ ಮುಗಿಯುತ್ತಿತ್ತು. ಆದರೂ ಮೈಕನ್ನು ಎರಡು ದಿನಕ್ಕೆ ಗೊತ್ತು ಮಾಡಿದ್ದೆವು, "ಇರಲಿ ಬಿಡಿ" ಅಂತ. ಆ ವರ್ಷದ ಅರ್ಧ ಖರ್ಚು "ಇರಲಿ ಬಿಡಿ"ಯ ಖಾತೆಯದೇ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಶಾಮಿಯಾನಕ್ಕೆ ಮುಂಗಡ ಕೊಡುವಾಗ ನನ್ನ ಪುಸ್ತಕದಲ್ಲಿ 60,000 ಇತ್ತು. ಅದರಲ್ಲಿ ಬಂದ ಚಂದಾ ಎಷ್ಟು, ಬರುವ ಚಂದಾ ಎಷ್ಟು ಅಂತ ನಾನು ಬೇರೆ ಮಾಡಿರಲಿಲ್ಲ. "ಅಣ್ಣಂಗೆ ಹೇಳಿದೀನಿ, ಹತ್ತು ಸಾವಿರ ಕೊಡ್ತಾರೆ" ಅಂದದ್ದನ್ನೂ ಜಮಾ ಕಡೆಗೇ ಬರೆದುಕೊಂಡಿದ್ದೆ. ಸಾಲದ್ದಕ್ಕೆ ಎಲ್ಲರೂ ನನ್ನ ಸ್ವಂತ ಖಾತೆಯ ಕ್ಯೂಆರ್ ಕೋಡಿಗೆ ದುಡ್ಡು ಹಾಕಿದ್ದರು. ಸಂಬಳ, ಚಂದಾ, ಹಾಲಿನ ಬಿಲ್ಲು ಎಲ್ಲ ಒಂದರಲ್ಲೊಂದು ಕಲಸಿಹೋಗಿ, ಖಾತೆಯಲ್ಲಿ ದುಡ್ಡು ಯಾವಾಗಲೂ ಇದ್ದ ಹಾಗೇ ಕಾಣುತ್ತಿತ್ತು.

2024ರಲ್ಲಿ ಮತ್ತೆ ನನ್ನನ್ನೇ ಕೂರಿಸಿದರು. ಈ ಸಲ ಎರಡು ಷರತ್ತು ಹಾಕಿದೆ. ಸಮಿತಿಯ ಇಬ್ಬರ ಹೆಸರಿನಲ್ಲಿ ಬೇರೆಯೇ ಜಂಟಿ ಖಾತೆ ಇರಬೇಕು. ಹಬ್ಬಕ್ಕೆ ಹತ್ತು ದಿನ ಮುಂಚೆ ಆ ಖಾತೆಯಲ್ಲಿ ಎಷ್ಟಿರುತ್ತದೋ ಅಷ್ಟೇ ನಮ್ಮ ಹಬ್ಬ.

ಆ ಬೇಸಿಗೆಯನ್ನು ಬೆಂಗಳೂರಿನವರು ಮರೆಯುವ ಹಾಗಿಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಅದರ ಮೇಲೆ ಲೋಕಸಭಾ ಚುನಾವಣೆ: ರಾಮನವಮಿ ಏಪ್ರಿಲ್ 17ಕ್ಕೆ, ಬೆಂಗಳೂರಿನ ಮತದಾನ 26ಕ್ಕೆ. ನೀತಿ ಸಂಹಿತೆ ಇದ್ದುದರಿಂದ 50,000ಕ್ಕಿಂತ ಹೆಚ್ಚು ನಗದು ಒಯ್ಯುವವರು ದಾಖಲೆ ತೋರಿಸಬೇಕಿತ್ತು. ನಮಗೆ ಆ ಭಯವಿರಲಿಲ್ಲ, ಅಷ್ಟು ದುಡ್ಡೇ ಇರಲಿಲ್ಲ. "ಕೊಡ್ತಾರೆ" ಎಂದು ಹೆಸರಾಗಿದ್ದ ಪುಢಾರಿ ಅಣ್ಣಂದಿರು ಯಾರೂ ಆ ತಿಂಗಳು ಬೀದಿಯ ಕಡೆ ತಲೆ ಹಾಕಲಿಲ್ಲ. ಒಳ್ಳೆಯದೇ ಆಯಿತು. ಏಪ್ರಿಲ್ 7ರ ಸಂಜೆ ಖಾತೆಯಲ್ಲಿ 38,000 ಇತ್ತು. 34,000ಕ್ಕೆ ಹಬ್ಬ, 4,000 ಆಪತ್ತಿಗೆ ಎಂದು ಗೆರೆ ಎಳೆದೆ.

ದುಡ್ಡು ಕಮ್ಮಿಯಿದ್ದಾಗ ಕಣ್ಣು ಚುರುಕಾಗುತ್ತದೆ. ಬೀದಿಯ ತುದಿಯಲ್ಲಿ ಎರಡು ಹೊಂಗೆ ಮರ ಎಷ್ಟೋ ವರ್ಷದಿಂದ ಪುಕ್ಕಟೆ ನೆರಳು ಕೊಡುತ್ತ ನಿಂತಿದ್ದವು. ಕಾರ್ಯಕ್ರಮವನ್ನು ಅಲ್ಲಿಗೇ ಸರಿಸಿದ ಮೇಲೆ ಶಾಮಿಯಾನ ಅರ್ಧ ಸಾಕಾಯಿತು. ಮೈಕು ಒಂದೇ ಸಂಜೆಗೆ. ಬೆಲ್ಲ, ಹೆಸರುಬೇಳೆ, ಏಲಕ್ಕಿ ಕೆಡುವ ಪದಾರ್ಥಗಳಲ್ಲ. ಮೊದಲೇ ತರಗುಪೇಟೆಯಿಂದ ತಂದಿಟ್ಟೆವು. ಹೂವು, ನಿಂಬೆಹಣ್ಣನ್ನು ಹಾಗೆ ಕೂಡಿಡಲು ಬರುವುದಿಲ್ಲ, ಬೇಸಿಗೆಯಲ್ಲಿ ನಿಂಬೆಯ ಬೆಲೆ ಕೇಳಿದರೇ ಹಲ್ಲು ಚುಳ್ಳೆನ್ನುತ್ತದೆ. ಅದಕ್ಕೆ ಅರ್ಧ ಪಾನಕವನ್ನು ಕರಬೂಜ ಹಣ್ಣಿನದು ಮಾಡಿದೆವು.

ತಲೆಕೆಡಿಸಿದ್ದು ಲೋಟ. ಪ್ಲಾಸ್ಟಿಕ್ ಲೋಟ ನಿಷೇಧ. ಕಾಗದದ್ದು ಕೊಳ್ಳೋಣವೆಂದರೆ, ಪಾನಕದ ಬೆಲ್ಲಕ್ಕೆ ಕೊಟ್ಟಷ್ಟೇ ದುಡ್ಡನ್ನು ಕುಡಿದು ಬಿಸಾಡುವ ಲೋಟಕ್ಕೂ ಕೊಡಬೇಕು. ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ, ತೊಳೆಯುವುದಕ್ಕೆ ನೀರೆಲ್ಲಿದೆ? ಕೊನೆಗೆ ಮೂಲೆಮನೆ ಅಜ್ಜಿ ಕೇಳಿದರು: "ಅಲ್ಲಪ್ಪಾ, ಅವರವರ ಲೋಟ ಅವರವರು ತಂದ್ರೆ ಏನು ಕೈ ಸವೆಯುತ್ತಾ?" ಮನೆಮನೆಗೂ ಹೇಳಿ ಬಂದೆವು. ಕೋಸಂಬರಿಗೆ ಮುತ್ತುಗದ ಎಲೆಯ ದೊನ್ನೆ.

ಹಬ್ಬದ ದಿನ ಜನ ಲೋಟ ತಂದರು. ಕೆಲವರು ಚೊಂಬೇ ತಂದರು. "ಮನೇಲಿ ಅತ್ತೆ ಇದಾರೆ, ಅವರಿಗೂ ಹಾಕಿ" ಎಂದು ಕ್ಯಾನ್ ಹಿಡಿದವರೂ ಇದ್ದರು. ದೇವರ ಪಾನಕ, ಇಲ್ಲ ಅನ್ನುವುದು ಹೇಗೆ? ತಲೆಗೆ 150 ಮಿಲಿ ಎಂದು ನಾನು ಹಾಕಿದ್ದ ಲೆಕ್ಕ ಮಧ್ಯಾಹ್ನ ಒಂದೂವರೆಗೇ ತಳ ಕಂಡಿತು. ಆಗ ಆಪತ್ತಿಗೆಂದು ಇಟ್ಟ ದುಡ್ಡು ಕೆಲಸಕ್ಕೆ ಬಂತು. 900 ರೂಪಾಯಿಗೆ ಬೆಲ್ಲ, ಮೊಸರು, ನಾಲ್ಕು ಕ್ಯಾನ್ ನೀರು. ಯಾರ ಜೇಬಿಗೂ ಕೈ ಹಾಕಲಿಲ್ಲ.

ಆ ಮೇಲಿಂದ ನಮ್ಮ ಮನೆಯ ಲೆಕ್ಕವೂ ಬದಲಾಗಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಫೀಸು, ಊರಿಗೆ ಹೋಗಿಬರುವುದು, ಮದುವೆಗಳ ಮುಯ್ಯಿ. ಮಳೆಗಾಲ ಇಳಿಯುವ ಹೊತ್ತಿಗೆ ಗೌರಿ ಗಣೇಶ, ದಸರಾ, ದೀಪಾವಳಿ. ಇವು ಯಾವುವೂ ಹೇಳದೆ ಕೇಳದೆ ಬರುವ ಅತಿಥಿಗಳಲ್ಲ, ಪಂಚಾಂಗದಲ್ಲೇ ಅಚ್ಚಾಗಿವೆ. ಆದರೂ ಪ್ರತಿವರ್ಷ ಬೆಚ್ಚಿಬೀಳುತ್ತಿದ್ದೆವು. ಎಲ್ಲ ಕೂಡಿಸಿ ನೋಡಿದರೆ ವರ್ಷಕ್ಕೆ 72,000 ಆಯಿತು. ಈಗ ತಿಂಗಳಿಗೆ 6,000 ಬೇರೆ ಆರ್‌ಡಿಗೆ ಹೋಗುತ್ತದೆ. ಬರಬಹುದಾದ ಬೋನಸ್ಸನ್ನು ಬಂದಂತೆ ಬರೆದುಕೊಳ್ಳುವುದಿಲ್ಲ. ಹೆಂಡತಿ ಅದನ್ನು "ಅಣ್ಣನ ಹತ್ತು ಸಾವಿರ" ಎಂದೇ ಕರೆಯುತ್ತಾಳೆ.

2024ರ ಹಬ್ಬದ ದಿನ ಇನ್ನೂ 3,500 ಚಂದಾ ಬಂತು. ಎಲ್ಲ ಕಳೆದು 6,600 ಉಳಿಯಿತು. ಹುಡುಗರು ಹೋಳಿಗೆ ಊಟ ಹಾಕಿಸಿ ಎಂದರು, ನಾನು ಕೊಡಲಿಲ್ಲ, ಬೈಸಿಕೊಂಡೆ. 2025ರ ರಸೀದಿ ಪುಸ್ತಕದ ಮೊದಲ ಹಾಳೆಯಲ್ಲಿ ಯಾರ ಹೆಸರೂ ಇಲ್ಲ. "ಹೋದ ವರ್ಷದ ಉಳಿಕೆ, 6,600" ಎಂದಷ್ಟೇ ಇದೆ. ಪಾನಕದ ಅಳತೆಯ ಪಕ್ಕದಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ತಿದ್ದಿದ್ದೇನೆ: ತಲೆಗೆ ಒಂದು ಲೋಟವಲ್ಲ, ಒಂದೂವರೆ. ಚೊಂಬಿನವರು ಬರುತ್ತಾರೆ.