ಒಂದೇ ನಿಮಿಷದ ಕೆಲಸ ಅನ್ನಬೇಡ

ಹೊಸ ಗ್ರೈಂಡರ್ ತಂದಿದ್ದೀಯಂತೆ. ಸಂತೋಷ. ಮನೆಯ ಗೇಟಿಗೆ ತುಕ್ಕು ಹಿಡಿದರೆ ಇನ್ನೊಬ್ಬರ ಹಾದಿ ಕಾಯದೆ ತಾನೇ ಕೈ ಹಾಕುವ ಹುಡುಗರು ಈಗ ಎಷ್ಟು ಜನ ಇದ್ದಾರೆ? ನಿನ್ನ ಕೈಯಲ್ಲಿ ಕಸುಬಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಿನ್ನ ಬಾಯಲ್ಲಿ ಸದಾ ಒಂದು ಮಾತಿರುತ್ತದಲ್ಲ, ‘ಒಂದೇ ನಿಮಿಷದ ಕೆಲಸ, ತಾತ’ ಅಂತ, ನನಗೆ ಹೆದರಿಕೆ ಆ ಮಾತಿನದು. ಗ್ರಿಲ್ ಶೆಡ್ಡಿನಲ್ಲಿ 38 ವರ್ಷ ಕಳೆದವನು ನಾನು. ಹತ್ತಡಿಯ ಗೇಟು ಕಟ್ಟುವಾಗ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ಸಂಜೆ ಕೈಕಾಲು ತೊಳೆದು, ಅಂಗಿ ಬದಲಾಯಿಸಿ, ಹೊರಡುವ ಹೊತ್ತಿಗೆ ‘ಆ ಬೋಲ್ಟಿನ ತುದಿ ಒಂದು ಹಾರಿಸಿಬಿಡ್ತೀನಿ’ ಅಂತ ಹಿಂದಕ್ಕೆ ಬಂದವನಿಗೇ ಪೆಟ್ಟು ಬೀಳುವುದನ್ನು ನಾನು ಕಂಡಿದ್ದೇನೆ.

ನಮ್ಮ ಮನೆಗಳಲ್ಲಿ ಗ್ರೈಂಡರ್ ಅಂದರೆ ದೋಸೆ ಹಿಟ್ಟು ರುಬ್ಬುವ ಕಲ್ಲು. ನೀನು ತಂದಿರುವುದು ಅಂಗಡಿಯವರು ‘ಎಜಿ ಫೋರ್’ ಅನ್ನುವ ನಾಲ್ಕಿಂಚಿನ ಮೆಷಿನ್ನು. ಗಾತ್ರ ನೋಡಿ ಮೋಸ ಹೋಗಬೇಡ. ಅದರ ಡಿಸ್ಕು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂಚಿನ ವೇಗ ಲೆಕ್ಕ ಹಾಕಿದರೆ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ನಿನ್ನ ‘ಒಂದೇ ನಿಮಿಷ’ದಲ್ಲಿ ಅದು ಹನ್ನೊಂದು ಸಾವಿರ ಸಲ ನಿನ್ನ ಬೆರಳಿನ ಪಕ್ಕ ಹಾದುಹೋಗಿರುತ್ತದೆ.

ಅಡುಗೆಮನೆಯ ಮಿಕ್ಸಿಯೂ ಜೋರಾಗಿಯೇ ತಿರುಗುತ್ತದೆ. ಮುಚ್ಚಳ ತೆಗೆದು ಚಟ್ನಿ ರುಬ್ಬುತ್ತೀಯಾ? ಗ್ರೈಂಡರಿಗೆ ಗಾರ್ಡೇ ಮುಚ್ಚಳ. ಆದರೂ ನಿನ್ನ ವಯಸ್ಸಿನವರು ಡಬ್ಬ ಬಿಚ್ಚಿದ ಕೂಡಲೇ ಮೊದಲು ಕಳಚುವುದು ಅದನ್ನೇ. ಮೂಲೆಗೆ ಹೋಗಲ್ಲ, ಕಣ್ಣಿಗೆ ಅಡ್ಡ ಬರುತ್ತೆ, ದೊಡ್ಡ ಡಿಸ್ಕು ಕೂರಲ್ಲ, ಒಂದಲ್ಲ ಒಂದು ನೆಪ. ಡಿಸ್ಕು ಒಡೆದರೆ ಚೂರು ಎಲ್ಲಿಗೆ ಹಾರಬೇಕೆಂದು ತೀರ್ಮಾನಿಸುವುದು ಆ ತಗಡು. ಅದನ್ನು ಡಿಸ್ಕಿಗೂ ನಿನಗೂ ನಡುವೆ ಬರುವ ಹಾಗೆ ತಿರುಗಿಸಿ ಬಿಗಿ ಮಾಡು. ಪಕ್ಕದ ಹಿಡಿಯನ್ನೂ ಹಾಕು. ಒಂದು ಕೈಯಲ್ಲಿ ಮೆಷಿನ್ನು, ಇನ್ನೊಂದು ಕೈಯಲ್ಲಿ ಪೈಪು ಹಿಡಿದು ಕೊಯ್ಯುವವನನ್ನು ನನ್ನ ಶೆಡ್ಡಿನಲ್ಲಿ ಅವತ್ತೇ ಮನೆಗೆ ಕಳಿಸುತ್ತಿದ್ದೆ.

ಡಿಸ್ಕಿನ ಮೇಲಿನ ಬರಹ ಓದುವ ಅಭ್ಯಾಸ ಮಾಡಿಕೋ. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡುತ್ತೀಯಲ್ಲ, ಇದಕ್ಕೂ ತಾರೀಖಿದೆ. ನಡುವಿನ ತೂತಿನ ಸುತ್ತ ತಗಡಿನ ಉಂಗುರ ಇರುತ್ತದೆ. ಒಳ್ಳೆಯ ಡಿಸ್ಕಿನಲ್ಲಿ ಎಲ್ಲಿಯವರೆಗೆ ಬಳಸಬಹುದು ಅಂತ ಆ ಉಂಗುರದ ಮೇಲೆ ಒತ್ತಿರುತ್ತಾರೆ. ಅಂಟಿನಿಂದ ಕಟ್ಟಿದ ಈ ಡಿಸ್ಕುಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಆಯಸ್ಸು. ಮಳೆಗಾಲದಲ್ಲಿ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟು ತೇವ ಕುಡಿದದ್ದು, ಕೈಜಾರಿ ನೆಲಕ್ಕೆ ಬಿದ್ದದ್ದು, ಇವೆರಡೂ ಕಸದ ಬುಟ್ಟಿಗೆ. ಆಮೇಲೆ ಸುತ್ತಿನ ಲೆಕ್ಕ. ಡಿಸ್ಕು ತಡೆಯುವ ಸುತ್ತು ಮೆಷಿನ್ನಿನ ಸುತ್ತಿಗಿಂತ ಹೆಚ್ಚಿರಬೇಕು. ನಾಲ್ಕಿಂಚಿನದಕ್ಕೆ 15,000ದ ಮೇಲೆ ಬರೆದಿರುತ್ತದೆ, ಏಳಿಂಚಿನದಕ್ಕೆ 8,500ರ ಆಸುಪಾಸು. ಆ ದೊಡ್ಡದನ್ನು ಈ ಚಿಕ್ಕ ಮೆಷಿನ್ನಿಗೆ ಹೇಗೋ ಕೂರಿಸಿದೆಯೋ, ಸಿಡಿಯಲಿ ಅಂತಲೇ ಕೂರಿಸಿದ ಹಾಗೆ. ಹೊಸ ಡಿಸ್ಕು ಹಾಕಿದ ಮೇಲೆ ಯಾರೂ ಇಲ್ಲದ ಕಡೆಗೆ ಮುಖ ಮಾಡಿ ಒಂದು ನಿಮಿಷ ಖಾಲಿ ಓಡಿಸು. ನಿನ್ನ ಒಂದು ನಿಮಿಷವನ್ನು ಅಲ್ಲಿ ಖರ್ಚು ಮಾಡು.

ಕೊಯ್ಯುವ ತೆಳು ಡಿಸ್ಕು ಕೊಯ್ಯುವುದಕ್ಕಷ್ಟೇ. ಒಂದು ಮಿಲಿಮೀಟರಿನ ಹಪ್ಪಳ ಅದು. ಅದರ ಪಕ್ಕದಿಂದ ಬೆಸುಗೆಯ ಗಂಟು ಉಜ್ಜಿದರೆ ಹಪ್ಪಳದ ಹಾಗೇ ಮುರಿಯುತ್ತದೆ. ಉಜ್ಜುವುದಕ್ಕೆ ಆರು ಮಿಲಿಮೀಟರಿನ ದಪ್ಪ ಡಿಸ್ಕು ಬೇರೆಯೇ ಇದೆ. ಡಿಸ್ಕು ಬದಲಾಯಿಸುವ ಮುಂಚೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಡು. ಸ್ವಿಚ್ ಆರಿಸಿದ್ದೇನೆ ಅನ್ನುವುದು ಸಾಲದು. ಇನ್ನು ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಇದಕ್ಕೆ ಹಾಕುವ ಚಾಳಿ ಇದೆಯಲ್ಲ, ಅದರ ಬಗ್ಗೆ ನನ್ನ ಹತ್ತಿರ ಎರಡು ಮಾತಿಲ್ಲ. ಹಾಕಬೇಡ. ಹಲ್ಲು ಗಂಟಿಗೆ ಸಿಕ್ಕಿತೋ, ಮೆಷಿನ್ನು ಕೈಯಿಂದ ಕಿತ್ತುಕೊಂಡು ತೊಡೆಗೋ ಕತ್ತಿಗೋ ಬರುತ್ತದೆ. ಮರಕ್ಕೆ ಗರಗಸ ಇದೆ.

ಕಬ್ಬಿಣ ಕೊಯ್ಯುವಾಗಲೂ ಅದು ಒದೆಯುತ್ತದೆ. ಯಾಕೆ ಒದೆಯುತ್ತದೆ ಗೊತ್ತಾ? ನೀನು ಪೈಪನ್ನು ಎರಡು ಇಟ್ಟಿಗೆಯ ಮೇಲೆ ಮಲಗಿಸಿ ನಟ್ಟನಡುವೆ ಕೊಯ್ಯುತ್ತೀಯ. ಅರ್ಧ ಕೊಯ್ದ ಮೇಲೆ ಪೈಪು ತನ್ನ ಭಾರಕ್ಕೆ ತಾನೇ ನಡು ಬಗ್ಗಿಸುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ, ಡಿಸ್ಕು ನಡುವೆ ಸಿಕ್ಕಿಬೀಳುತ್ತದೆ. ಆಗ ಮೆಷಿನ್ನು ಹಿಂದಕ್ಕೆ ಜಿಗಿಯುತ್ತದೆ. ಅದಕ್ಕೇ ಪೈಪಿನ ಒಂದು ಕಡೆಯನ್ನು ವೈಸಿನಲ್ಲೋ ಕ್ಲಾಂಪಿನಲ್ಲೋ ಬಿಗಿ ಮಾಡು, ಕೊಯ್ದು ಬೀಳಬೇಕಾದ ತುಂಡನ್ನು ಹೊರಗೆ ಚಾಚಿಬಿಡು. ಕೊಯ್ದಂತೆಲ್ಲ ಸೀಳು ಅಗಲವಾಗಬೇಕು. ಒದೆಯುವ ಹಸುವಿನ ಹಿಂದೆ ಯಾರೂ ನಿಲ್ಲುವುದಿಲ್ಲವಲ್ಲ, ನೀನೂ ಡಿಸ್ಕಿನ ನೇರಕ್ಕೆ ನಿಲ್ಲಬೇಡ, ಒಂದು ಹೆಜ್ಜೆ ಪಕ್ಕಕ್ಕಿರು. ಒತ್ತಬೇಡ. ಅದರ ಭಾರವೇ ಸಾಕು.

ಈಗ ಕಣ್ಣಿನ ವಿಷಯ. ಇದನ್ನು ಕೂತು ಕೇಳು.

ನಮ್ಮ ಶೆಡ್ಡಿನಲ್ಲಿ ಒಬ್ಬ ಹುಡುಗನಿದ್ದ, ನಿನ್ನಂಥವನೇ, ಚುರುಕು. ಒಂದು ದಿನ ಬೆವರಿಗೆ ಮಂಜು ಕಟ್ಟಿತೆಂದು ಕನ್ನಡಕವನ್ನು ಹಣೆಗೇರಿಸಿದ. ಒಂದೇ ಒಂದು ಕೊಯ್ತ. ಕಣ್ಣಿಗೆ ಏನೋ ಚುಚ್ಚಿತು. ಜೊತೆಯವನು ಟವಲಿನ ತುದಿ ನಾಲಗೆಯಲ್ಲಿ ಒದ್ದೆ ಮಾಡಿ ಒರೆಸಿದ, ಹುಡುಗ ಉಜ್ಜಿಕೊಂಡ, ಊಟ ಮಾಡಿ ಮಲಗಿದ. ಮಾರನೆಯ ಬೆಳಿಗ್ಗೆ ಕಣ್ಣು ಕೆಂಪು ದಾಸವಾಳ, ಬೆಳಕಿಗೆ ತೆರೆಯಲು ಆಗುತ್ತಿಲ್ಲ. ಡಾಕ್ಟರು ದೀಪ ಹಾಕಿ ನೋಡಿ ನನ್ನನ್ನು ಒಳಗೆ ಕರೆದು ತೋರಿಸಿದರು. ಕರಿಗುಡ್ಡೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆ, ಅದರ ಸುತ್ತ ಕಂದು ಬಣ್ಣದ ಉಂಗುರ. ಕಣ್ಣಿನ ತೇವಕ್ಕೆ ಕಬ್ಬಿಣ ಕೆಲವೇ ಗಂಟೆಗಳಲ್ಲಿ ತುಕ್ಕು ಬಿಡುತ್ತದೆ, ಮರಿ. ನಮ್ಮ ಗೇಟಿಗೆ ಹಿಡಿಯುವ ತುಕ್ಕೇ. ಚೂರು ತೆಗೆದರೂ ಉಂಗುರ ಉಳಿಯುತ್ತದೆ, ಅದನ್ನು ಬೇರೆಯಾಗಿ ಕೆರೆದು ತೆಗೆಯಬೇಕು. ಅವನ ದೃಷ್ಟಿ ಉಳಿಯಿತು. ಅವನ ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ರೀತಿ ನಾನು ಮರೆತಿಲ್ಲ.

ಅದಕ್ಕೇ ಪಕ್ಕದಲ್ಲೂ ಮುಚ್ಚಿರುವ ಕನ್ನಡಕ ಬೇಕು. ಓದುವ ಕನ್ನಡಕ ನಡೆಯುವುದಿಲ್ಲ, ಕಪ್ಪು ಕನ್ನಡಕವೂ ನಡೆಯುವುದಿಲ್ಲ. ಅದರ ಮೇಲೆ ಮುಖಕ್ಕೆ ಶೀಲ್ಡ್ ಹಾಕಿದರೆ ಇನ್ನೂ ಒಳ್ಳೆಯದು. ಕೆಲಸ ಮುಗಿದ ಮೇಲೆ ಕನ್ನಡಕ ತೆಗೆಯುವ ಮೊದಲು ತಲೆ ಬಗ್ಗಿಸಿ ಹುಬ್ಬು, ಕೂದಲು ಕೊಡವಿಕೋ. ಎಷ್ಟೋ ಚೂರು ಕಣ್ಣಿಗೆ ಬೀಳುವುದು ಮೆಷಿನ್ನು ನಿಂತ ಮೇಲೆ, ಹುಬ್ಬಿನಿಂದ. ಬಿದ್ದೇಬಿಟ್ಟಿತು ಅಂದುಕೋ, ಉಜ್ಜಬೇಡ, ಟವಲು ಬೇಡ, ಪಿನ್ನು ಬೇಡ, ಅಜ್ಜಿಯ ನಾಲಗೆಯೂ ಬೇಡ. ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗು, ಅವತ್ತೇ.

ಲುಂಗಿ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಕೂರುವುದೂ ಸಾಕು. ಲುಂಗಿಯ ಅಂಚು ಡಿಸ್ಕಿಗೆ ಸಿಕ್ಕಿತು ಅಂದರೆ ಬಟ್ಟೆಯ ಜೊತೆಗೆ ಮೆಷಿನ್ನೂ ಮೈಮೇಲೆ ಬರುತ್ತದೆ. ಪ್ಯಾಂಟು, ಮೈಗೆ ಹತ್ತಿದ ಹತ್ತಿ ಅಂಗಿ, ಚರ್ಮದ ಶೂ. ಸಡಿಲವಾದ ನೂಲಿನ ಕೈಗವಸು ಬೇಡ, ಕೈಗೆ ಸರಿಯಾಗಿ ಕೂರುವ ಚರ್ಮದ್ದಿರಲಿ. ಕಿವಿಗೆ ಹತ್ತಿಯಲ್ಲ, ಪ್ಲಗ್ಗು. ನನ್ನ ಜೊತೆ ಮಾತಾಡುವಾಗ ನೀನು ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಗುತ್ತದಲ್ಲ, ಆ ಕಾಲದಲ್ಲಿ ನಮಗೆ ಯಾರೂ ಪ್ಲಗ್ಗು ಕೊಡಲಿಲ್ಲ.

ಕಿಡಿ ನೋಡಲು ಚೆಂದ. ಸುರುಸುರುಬತ್ತಿ ಅಂತ ಮಕ್ಕಳು ಓಡಿ ಬರುತ್ತಾರೆ. ಅವರನ್ನು ಒಳಗೆ ಕಳಿಸಿದ ಮೇಲೇ ಸ್ವಿಚ್ಚು. ಕಿಡಿ ಹೋಗುವ ದಿಕ್ಕಿನಲ್ಲಿ ನಿನ್ನ ಬೈಕು, ಥಿನ್ನರ್ ಡಬ್ಬ, ತೆಂಗಿನ ನಾರು, ಹುಲ್ಲು ಯಾವುದೂ ಇರಬಾರದು. ಬಕೆಟ್ ನೀರು ಪಕ್ಕದಲ್ಲಿರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಆ ಜಾಗದ ಮೇಲೆ ಕಣ್ಣಿಡು. ನಾರಿನೊಳಗೆ ಕಿಡಿ ಸದ್ದಿಲ್ಲದೆ ಹೊಗೆಯಾಡುತ್ತಿರುತ್ತದೆ. ಹಳೇ ಡೀಸೆಲ್ ಡ್ರಮ್ಮು ಕೊಯ್ದು ನೀರಿನ ತೊಟ್ಟಿ ಮಾಡುತ್ತೇನೆ ಅಂದಿದ್ದೆಯಲ್ಲ, ಆ ಯೋಚನೆ ಬಿಡು. ಖಾಲಿ ಡ್ರಮ್ಮಿನಲ್ಲಿ ಎಣ್ಣೆಯ ಆವಿ ತುಂಬಿರುತ್ತದೆ, ಒಂದು ಕಿಡಿಗೆ ಅದು ಬಾಂಬು. ಹಳೇ ಕಲ್ನಾರಿನ ಶೀಟನ್ನೂ ಮುಟ್ಟಬೇಡ, ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಗ್ರಾನೈಟು, ಟೈಲ್ಸು ಕೊಯ್ಯುವ ಕೆಲಸ ಬಂದರೆ ನೀರು ಹಾಯಿಸಿ ಕೊಯ್ಯುವ ಮೆಷಿನ್ ಇಟ್ಟವನನ್ನು ಕರೆಸು.

ನಮ್ಮ ಊರಿನ ಕರೆಂಟಿನ ಒಂದು ಬುದ್ಧಿ ಹೇಳುತ್ತೇನೆ. ಕೊಯ್ಯುತ್ತಿರುವಾಗ ಕರೆಂಟ್ ಹೋಗುತ್ತದೆ. ಮೆಷಿನ್ನು ನೆಲದ ಮೇಲಿಟ್ಟು ನೀನು ಕಾಫಿಗೆ ಏಳುತ್ತೀಯ. ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಳ್ಳುವ ಸ್ವಿಚ್ಚು ಅದು, ಆನ್ ಆಗಿಯೇ ಉಳಿದಿರುತ್ತದೆ. ಹತ್ತು ನಿಮಿಷಕ್ಕೆ ಕರೆಂಟ್ ಬರುತ್ತದೆ, ಯಾರೂ ಹಿಡಿಯದ ಮೆಷಿನ್ನು ಅಂಗಳದ ತುಂಬ ಹಾವಿನ ಹಾಗೆ ಹೊರಳಾಡುತ್ತದೆ. ನಮ್ಮ ಶೆಡ್ಡಿನ ಗೋಡೆಯ ಮೇಲೆ ಅಂಥದ್ದೊಂದು ಗೀರು ಕೊನೆಯವರೆಗೂ ಇತ್ತು. ಕರೆಂಟ್ ಹೋದ ಕ್ಷಣ ಮೊದಲು ಸ್ವಿಚ್ ಹಿಂದಕ್ಕೆಳೆ, ಆಮೇಲೆ ಪ್ಲಗ್ ಕೀಳು, ಕಾಫಿ ಆಮೇಲೆ. ಕೊಳ್ಳುವ ಮುಂಚೆ ನನ್ನನ್ನು ಕೇಳಿದ್ದರೆ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಿರುಗುವ ಸ್ವಿಚ್ಚಿನದ್ದು ತಾ ಅನ್ನುತ್ತಿದ್ದೆ. ಹೋಗಲಿ, ಇರುವುದರಲ್ಲೇ ಹುಷಾರಾಗಿರು. ಆರಿಸಿದ ಮೇಲೂ ಡಿಸ್ಕು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಂತ ಮೇಲೆ ಕೆಳಗಿಡು.

ಇವತ್ತು ಸಂಜೆಯಾಗಿದೆ, ಬೆಳಕೂ ಕಮ್ಮಿ, ನಿನಗೆ ಹಸಿವೂ ಆಗಿದೆ. ಗೇಟಿನ ಕೀಲು ಇಷ್ಟು ವರ್ಷ ಇದ್ದದ್ದು ಇನ್ನೊಂದು ರಾತ್ರಿ ಇರುತ್ತದೆ. ನಾಳೆ ಬೆಳಿಗ್ಗೆ ತಿಂಡಿ ಮುಗಿಸಿ ಶುರು ಮಾಡು, ನಾನು ಬಂದು ಪ್ಲಗ್ಗಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕನ್ನಡಕ ಮಾತ್ರ ಎರಡು ತಂದಿಡು.